ಬಾಣದ ಕಿಂಡಿ

ಗೋಪುರದ ಬಾಗಿಲನ್ನು ದಢಾರನೆ ಮುಚ್ಚಿ, ಅಂಪಾರೊ ಬೀಗದ ಕೈ ಗೊಂಚಲನ್ನು ಝಣಝಣ ಅಲ್ಲಾಡಿಸಿದಳು. ಕೋಟೆ ನೋಡಲು ಬಂದವರಿಗಾಗಿ ಸೆರೆಮನೆ ಕಾವಲುಗಾರನ ವೇಷ ತೊಟ್ಟು ಅವಳು ದಿನಾ ಆಡುವ ಆಟ ಅದು.

"ಸಿಕ್ಕಿಬಿದ್ರಿ! ಇನ್ನು ಕಾಸ್ಟೀಲಿನ ರಾಜ ಬಂದು ಬಿಡಿಸೋವರೆಗೂ ಒಣರೊಟ್ಟಿನೇ ಗತಿ."

"ಜೊತೆಗೆ ವೈನ್ ಕೊಟ್ರೆ ಇಲ್ಲೇ ಇದ್ದುಬಿಡ್ತೀನಿ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಒಬ್ಬ ಮುದುಕಿ ಮಾತ್ರ ನಗಲಿಲ್ಲ. ಬಾಣ ಬಿಡಲು ಗೋಡೆಯಲ್ಲಿ ಬಿಟ್ಟಿದ್ದ ಸೀಳುಕಿಂಡಿಗೆ ಆಕೆ ಭುಜದವರೆಗೂ ತೋಳು ತೂರಿಸಿ ನಿಂತಿದ್ದಳು. ಆದರೂ ಬೆರಳು ಆಚೆ ಅಂಚನ್ನು ಮುಟ್ಟಲಿಲ್ಲ.

"ಅಂತರ್ಯುದ್ಧ ಮುಗಿದ ವರ್ಷ ಅಪ್ಪನ್ನ ಇಲ್ಲೇ ಕೂಡಿಹಾಕಿದ್ರು ಮಗಳೇ. ಕೆಳಗೆ ನಿಂತು ಕೂಗ್ತಿದ್ದೆ, ಕೈ ಬೀಸು ಅಪ್ಪಾ ಅಂತ. ಒಂದು ದಿನವೂ ಕೈ ಕಾಣಲಿಲ್ಲ. ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡಿದ್ದೆ. ಆಮೇಲೆ ಅವನು ಮನೆಗೆ ಬರಲೇ ಇಲ್ಲ. ಗೋಡೆ ಇಷ್ಟು ದಪ್ಪ ಅಂತ ಇವತ್ತು ಗೊತ್ತಾಯ್ತು."

ಯುದ್ಧದ ಕೈದಿಗಳನ್ನು ಈ ಗೋಪುರದಲ್ಲಿ ಕೂಡಿಹಾಕಿದ್ದು ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿ. ಅಂಪಾರೊ ಕಾವಲುಗಾರನ ಟೋಪಿ ತೆಗೆದಳು, ಕಿವಿಗಳು ಸುಡುತ್ತಿದ್ದವು.

ಮುದುಕಿ ತೋಳನ್ನು ಹೊರಗೆಳೆದುಕೊಂಡು, ಧೂಳು ಮೆತ್ತಿದ ಕೈಯಲ್ಲೇ ಅವಳ ಕೆನ್ನೆ ಸವರಿದಳು.

"ಅಯ್ಯೋ, ನಿನ್ನ ಆಟ ಕೆಡಿಸಿಬಿಟ್ಟೆ. ಬೇಜಾರು ಮಾಡ್ಕೋಬೇಡಮ್ಮ. ಇದೆಲ್ಲ ನಿನಗೆಲ್ಲಿ ಗೊತ್ತಿರುತ್ತೆ!"

"ಗೊತ್ತಿತ್ತು, ಅಜ್ಜಿ," ಎಂದಳು ಅಂಪಾರೊ.