ರಾಯಭಾರಿಯ ಕರಿ ಸೂಟು

ಒಣಗಲು ಹಾಕಿದ್ದ ಬಿಳಿ ಹೊದಿಕೆಯ ಕೆಳಗೆ ಎರಡು ಪಾದಗಳು ಕಂಡವು. ಅಮೆರಿಕದ ರಾಯಭಾರಿ ವಾರೆನ್ ಹಾಲ್ವರ್ಸನ್ ಕೈಯಿಂದ ಹೊದಿಕೆ ಸರಿಸಿದರು.

ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ಮನೆಗೆಲಸದ ಎದೆಲ್ಮಿರಾಳ ಕೈ ಅಲ್ಲೇ ನಿಂತಿತು.

"ಯಾರಿವರು?"

"ನಮ್ಮನೆಯವರು, ದೊನ್ ವಾರೆನ್. ನಿಕನೋರ್. ರೈಲ್ವೆ ಸಂಘದವರು."

ಹೆಚ್ಚಿಗೆ ಹೇಳಬೇಕಾಗಿರಲಿಲ್ಲ. ಸೈನ್ಯ ಅಧಿಕಾರ ಹಿಡಿದ ಮೇಲೆ ರೈಲ್ವೆ ಸಂಘದವರಲ್ಲಿ ಸಿಕ್ಕಿಬಿದ್ದವರು ಯಾರೂ ಮನೆಗೆ ಮರಳಿರಲಿಲ್ಲ. ಎದೆಲ್ಮಿರಾ ಗಂಡನನ್ನು ಬಟ್ಟೆಗಾಡಿಯಲ್ಲಿ ಮುಚ್ಚಿ ತಂದು ಈ ಬಂಗಲೆಯ ಒಗೆಯುವ ಕೋಣೆಯಲ್ಲಿ ಬಚ್ಚಿಟ್ಟಿದ್ದಳು. ಮರುದಿನವೇ ಗೇಟಿನ ಹೊರಗೆ ಸೈನಿಕರು ಬಂದು ಕೂತರು. ಈಗ ಕೆಲಸದವರ ಬುಟ್ಟಿಯನ್ನೂ ಕೆದಕಿ ನೋಡುತ್ತಿದ್ದರು.

"ನಮ್ಮ ಸರ್ಕಾರದ ನಿಯಮ ನಿಮಗೆ ಗೊತ್ತು," ಎಂದರು ಹಾಲ್ವರ್ಸನ್. "ಆಶ್ರಯ ಕೇಳಿ ಬಂದವರನ್ನ ಇಟ್ಕೊಳ್ಳೋದು ನಮ್ಮಲ್ಲಿಲ್ಲ. ಮೆಕ್ಸಿಕೋದ ರಾಯಭಾರ ಕಚೇರಿಯವರು ಒಳಗೆ ಬಂದವರನ್ನ ಇಟ್ಕೊಳ್ತಾರೆ. ಅದು ಅವರ ಪದ್ಧತಿ."

"ಅವರ ಗೇಟಿನ ಹತ್ತಿರ ಹೋದವರನ್ನ ಲಾರಿಗೆ ತುಂಬ್ತಾರೆ, ದೊನ್ ವಾರೆನ್. ಇನ್ನೆರಡು ದಿನ ಸಾಕು. ನಿಮ್ಮ ಕಾಲು ಹಿಡೀತೀನಿ."

"ಇವತ್ತು ಸಂಜೆ ಆದ್ಮೇಲೆ ಇವರು ನನ್ನ ಮನೇಲಿ ಇರಬಾರದು."

ಇದೇ ಮನುಷ್ಯ ಕಾಫಿ ಕುಡಿದ ಬಟ್ಟಲನ್ನು ತಾವೇ ಅಡುಗೆಮನೆಗೆ ತಂದಿಡುತ್ತಿದ್ದವರು. ಅವಳ ಕೈ ಸುಟ್ಟಾಗ ತಮ್ಮ ವೈದ್ಯರನ್ನೇ ಕರೆಸಿದವರು.

ಅವರು ನಿಕನೋರನನ್ನು ಎದ್ದು ನಿಲ್ಲಲು ಹೇಳಿದರು. ಅಡಿಯಿಂದ ಮುಡಿಯವರೆಗೆ ನೋಡಿದರು, ಪೊಲೀಸರು ಚಹರೆ ಬರೆದುಕೊಳ್ಳುವಾಗ ನೋಡುವ ಹಾಗೆ. ಆಮೇಲೆ ಅವಳತ್ತ ತಿರುಗಿದರು.

"ಕರಿ ಸೂಟು ಇಸ್ತ್ರಿ ಆಯ್ತಾ? ಸಂಜೆ ಮೆಕ್ಸಿಕೋದವರ ರಾಷ್ಟ್ರೀಯ ಹಬ್ಬದ ಔತಣ ಇದೆ."

ಅವಳು ತೂಗುಹಾಕಿದ್ದ ಸೂಟಿನತ್ತ ಬೆರಳು ತೋರಿಸಿದಳು. "ಆಗಿದೆ," ಎಂದಳು.

"ಹಾಗಾದ್ರೆ ನೀವು ಹೊರಡಿ. ಈಗಲೇ. ಇವರು ಇಲ್ಲೇ ಇರಲಿ."

ಪಡಸಾಲೆಯಲ್ಲಿ ದಿನಾ ಅವಳು ಧೂಳು ಒರೆಸುವ ಹಾಲ್ವರ್ಸನ್ನರ ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ವೀಸಾಕ್ಕೆ ಮುದ್ರೆ ಒತ್ತುವ ಬಡಕಲು ತರುಣ, ಯಾವುದೋ ಬಂದರಿನ ಕಾನ್ಸುಲ್ ಅಧಿಕಾರಿ, ಅಧ್ಯಕ್ಷರುಗಳ ಪಕ್ಕ ನಿಂತ ರಾಯಭಾರಿ. ಮೂವತ್ತು ವರ್ಷದ ನೌಕರಿ. ಬರುವ ತಿಂಗಳು ನಿವೃತ್ತಿ. ಒಂದು ಚಿತ್ರದಲ್ಲೂ ಬಾವುಟ ಓರೆಯಾಗಿರಲಿಲ್ಲ.

ಬಾವುಟದ ವಿಷಯದಲ್ಲಿ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಕಾರಿನ ಪುಟ್ಟ ಬಾವುಟದ ಅಂಚು ಹೊಲಿಯುತ್ತಿದ್ದವಳು ಎದೆಲ್ಮಿರಾಳೇ. ರಾಯಭಾರಿ ಕಾರಿನೊಳಗಿದ್ದರೆ ಅದು ಹಾರಬೇಕು. ಇಲ್ಲದಿದ್ದರೆ ಅದಕ್ಕೆ ಚರ್ಮದ ಗವಸು. ಒಮ್ಮೆ ಚಾಲಕ ರೆಮಿಹಿಯೊ ಗವಸು ಹಾಕದೆ ಸಂತೆಗೆ ಹೋಗಿದ್ದ. "ನಾನಿಲ್ಲದ ಕಾರಲ್ಲಿ ಬಾವುಟ ಹಾರಿದ್ರೆ ಅದು ಸುಳ್ಳು ಹೇಳಿದ ಹಾಗೆ ಕಣಯ್ಯ," ಎಂದು ಅವತ್ತು ಕೂಗಾಡಿದ್ದರು.

ಓದುವ ಕೋಣೆಯಿಂದ ಅವರ ದನಿ ಕೇಳಿಸಿತು. ಫೋನಿನಲ್ಲಿದ್ದರು.

"ಹೌದು ಕರ್ನಲ್, ಇವತ್ತೇ ಸಂಜೆ. ನಿಮ್ಮ ಹುಡುಗರಿಗೆ ಮೊದಲೇ ಹೇಳಿಡಿ. ಗಲಾಟೆ ಆಗಬಾರದು."

ಚಾಲಕನ ಸಹಾಯ ಕೇಳಲು ಅವಳು ಅಡುಗೆಮನೆಗೆ ಓಡಿದಳು.

ಅಲ್ಲಿ ರೆಮಿಹಿಯೊ ಬರಿದಲೆಯಲ್ಲಿ ಕೂತಿದ್ದ. "ನನಗೂ ಮನೆಗೆ ಹೋಗು ಅಂದ್ಬಿಟ್ರು ಕಣಕ್ಕಾ. ಕೀಲಿಕೈ, ಕೋಟು, ಟೋಪಿ ಎಲ್ಲಾ ಇಸ್ಕೊಂಡ್ರು. ಏನು ತಪ್ಪು ಮಾಡ್ದೆ ಅಂತ ಕೇಳಿದ್ರೆ ಬೆನ್ನು ತಟ್ಟಿದ್ರು. ಇವತ್ತು ದೊಡ್ಡವರಿಗೆ ಏನೋ ಆಗಿದೆ."

ಗೇಟಿನಲ್ಲಿ ಸೈನಿಕರು ಅವಳ ಬುಟ್ಟಿ ಕೆದಕಿ ಹೊರಗೆ ಬಿಟ್ಟರು. ಮತ್ತೆ ಒಳಗೆ ಹೋಗಲು ಬಿಡಲಿಲ್ಲ. ಉಳಿದದ್ದು ಒಂದೇ ದಾರಿ: ಮೆಕ್ಸಿಕೋದವರ ಕಾಲು ಹಿಡಿಯುವುದು. ಓಡಿದಳು.

ಅವರ ಗೇಟಿನೆದುರು ಬಂದೂಕಿನ ಬೇಲಿಯೇ ಇತ್ತು. ಸೈನಿಕನೊಬ್ಬ ಅವಳನ್ನು ಎದುರಿನ ಕಾಲುದಾರಿಗೆ ನೂಕಿದ. ಅಲ್ಲಿ ಆಗಲೇ ಕೆಲವು ಹೆಂಗಸರು ನಿಂತಿದ್ದರು, ಅವಳ ಹಾಗೆಯೇ ಬರಿಗೈಯಲ್ಲಿ. ಮುದುಕಿಯೊಬ್ಬಳು ತನ್ನ ಶಾಲಿನ ಅರ್ಧವನ್ನು ಅವಳ ಹೆಗಲಿಗೆ ಎಳೆದು ಹೊದಿಸಿದಳು.

"ಯಾರು ಮಗಳೇ, ಮಗನಾ ಗಂಡನಾ?"

"ಗಂಡ."

"ಅಳು. ಅಳೋದಕ್ಕೆ ಇನ್ನೂ ಯಾರ ಅಪ್ಪಣೆನೂ ಬೇಕಾಗಿಲ್ಲ."

ಹೊತ್ತು ಮುಳುಗುವಾಗ ಆ ಕಾರು ಬಂತು. ಮುಂದುಗಡೆ ಅವಳೇ ಅಂಚು ಹೊಲಿದ ಬಾವುಟ ಪಟಪಟ ಹಾರುತ್ತಿತ್ತು. ಸೈನಿಕರು ಸೆಟೆದು ನಿಂತು ಸಲಾಮು ಹೊಡೆದರು. ಯಾರೂ ಬಗ್ಗಿ ನೋಡಲಿಲ್ಲ.

"ನೋಡು, ಅಮೆರಿಕದವನು ಬಂದ," ಎಂದಳು ಮುದುಕಿ. "ಹೊಟ್ಟೆ ತುಂಬಿದವನಿಗೆ ಊಟ, ಮೇಲೊಂದು ಸಲಾಮು."

ಹಿಂದಿನ ಸೀಟಿನಲ್ಲಿ ಕರಿ ಸೂಟು, ಹಣೆಗೆ ಇಳಿಸಿದ ಹ್ಯಾಟು. ಕಾಲರನ್ನು ಅವಳೇ ಇಸ್ತ್ರಿ ಮಾಡಿ ಕೂರಿಸಿದ್ದಳು. ಮುಂದೆ ರೆಮಿಹಿಯೊನ ಟೋಪಿ ಹಾಕಿದ ಬೇರೆ ಯಾರೋ, ಕರ್ನಲ್ ಕಳಿಸಿದವನಿರಬೇಕು. ಹಾಗಾದರೆ ಬಂಗಲೆಯಲ್ಲಿ ಕೆಲಸ ಮುಗಿದಿದೆ. ಈಗ ನಿಕನೋರ್ ಯಾವ ಲಾರಿಯಲ್ಲಿದ್ದಾನೋ.

ಅವಳು ಚರಂಡಿಯ ಕೆಸರನ್ನು ಬಾಚಿ ಎಸೆದಳು. ಅದು ಕಿಟಕಿಗೆ ಬಡಿಯಿತು. ಒಳಗೆ ಕೂತವರ ಕೈ ಗಾಜಿನವರೆಗೆ ಎದ್ದು, ತಡೆದು, ಮತ್ತೆ ತೊಡೆಯ ಮೇಲೆ ಬಿತ್ತು. ಮುಖ ತಿರುಗಲಿಲ್ಲ.

"ನಿನ್ನ ವಂಶ ಹಾಳಾಗ!" ಎಂದು ಅವಳು ಕಿರುಚುವಷ್ಟರಲ್ಲಿ ಗೇಟು ಮುಚ್ಚಿಕೊಂಡಿತು. ಸೈನಿಕನೊಬ್ಬ ಅವಳನ್ನು ಕಾಲುದಾರಿಯ ಮೇಲೆ ನೂಕಿ ಕೆಡವಿದ.

ಒಳಗೆ ಆಗಷ್ಟೇ ವಾದ್ಯ ಶುರುವಾಗಿತ್ತು. ಗೇಟು ಮತ್ತೆ ತೆರೆಯಿತು. ಅದೇ ಕಾರು, ಗಾಜಿನ ಮೇಲೆ ಅದೇ ಕೆಸರು. ಹಿಂದಿನ ಸೀಟು ಖಾಲಿ.

ಸೈನಿಕರು ಬಾವುಟಕ್ಕೆ ಮತ್ತೆ ಸಲಾಮು ಹೊಡೆದರು.

ಬಾವುಟ! ಎದೆಲ್ಮಿರಾ ತಲೆಯೆತ್ತಿದಳು. ಹಿಂದೆ ಯಾರೂ ಇಲ್ಲ. ಆದರೂ ಅದಕ್ಕೆ ಗವಸು ಹಾಕಿರಲಿಲ್ಲ.

ಕಾರು ಅವಳ ಪಕ್ಕಕ್ಕೆ ಬಂದಾಗ ನಿಧಾನವಾಯಿತು. ಚಾಲಕ ಗಾಜು ಇಳಿಸಿದ. ರೆಮಿಹಿಯೊನ ಟೋಪಿಯ ಕೆಳಗೆ ಬಿಳಿ ಕೂದಲು.

"ಸೂಟು ನಿಮ್ಮನೆಯವರಿಗೆ ಸರಿಯಾಗಿ ಕೂತಿತು, ಎದೆಲ್ಮಿರಾ," ಎಂದರು ಹಾಲ್ವರ್ಸನ್.