ಊರೂರು ಸುತ್ತಿದರೂ ಒಂದೂರೂ ನೋಡದವರು

ಇದನ್ನು ಒಬ್ಬರೇ ಓದಬೇಡಿ... ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರೆ ಜೊತೆಗೆ ಕೂತು ಓದಿ.

ದಾವಣಗೆರೆಯಲ್ಲಿ ನಮ್ಮ ಎದುರು ಮನೆಯವರು ಹಾಲೇಶಪ್ಪ. ಮದುವೆ ಅಡುಗೆ ಕಂಟ್ರಾಕ್ಟರ್.

ಅವರ ಹೆಂಡತಿಯನ್ನು ಇಡೀ ಬೀದಿ ಕರೆಯುತ್ತಿದ್ದದ್ದು 'ಅಡುಗೆ ಅಕ್ಕ' ಎಂದೇ. ನಾನೂ ಹಾಗೇ ಕರೆದು ಬೆಳೆದವನು.

ಆ ಕಾಲ ನೆನೆದರೆ ಈಗಲೂ ಮೂಗಿಗೆ ಒಗ್ಗರಣೆಯ ಘಮ ಬರುತ್ತದೆ...

ಮದುವೆ ಸೀಸನ್ ಬಂತೆಂದರೆ ಅವರ ಮನೆ ಮುಂದೆ ಲಾರಿ. ಕೊಪ್ಪರಿಗೆ, ಹಂಡೆ, ಉದ್ದುದ್ದ ಸೌಟುಗಳ ನಡುವೆ ಅಕ್ಕ ಸೆರಗು ಬಿಗಿದು ಕೂತು, ನಮಗೆಲ್ಲ ಕೈ ಬೀಸುತ್ತಾ ಹೊರಡುತ್ತಿದ್ದರು.

ನಮಗೋ ಹೊಟ್ಟೆಕಿಚ್ಚು. "ಅಕ್ಕಾ, ನೀವೇ ಪುಣ್ಯವಂತ್ರು. ಇವತ್ತು ಹೊಸಪೇಟೆ, ನಾಳೆ ಬಾದಾಮಿ, ನಾಡಿದ್ದು ಕಾರವಾರ!"

"ಅಯ್ಯೋ ತಮ್ಮಾ, ನನಗೆ ಎಲ್ಲಾ ಊರೂ ಒಂದೇ. ನಾ ನೋಡಿದ್ದು ಕಲ್ಯಾಣ ಮಂಟಪದ ಒಲೆ, ಬಚ್ಚಲು... ಎರಡೇ!"

ನಿಜ. ಹೊಸಪೇಟೆಗೆ ಎಷ್ಟೋ ಸಲ ಹೋಗಿದ್ದರು, ಹಂಪಿ ನೋಡಿರಲಿಲ್ಲ.

ವಿಜಯಪುರದಲ್ಲಂತೂ ಮಂಟಪದ ಹಿತ್ತಲಲ್ಲಿ ಪಾತ್ರೆ ಉಜ್ಜಲು ಕೂತರೆ ಎದುರಿಗೇ ಗೋಳಗುಮ್ಮಟ. "ಈ ಸಲ ಹತ್ತಿ ಬರಾಣ ರೀ" ಎಂದು ಅಕ್ಕ ಪ್ರತಿ ಸಲವೂ ಅನ್ನುವುದು... ಅಷ್ಟರಲ್ಲಿ ಲಾರಿಯವನು ಹಾರನ್ ಹೊಡೆಯುವುದು.

ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಸೌಟು ಕೆಳಗಿಟ್ಟ ಮೇಲೆ ಮೂರು ತಿಂಗಳು, ಅಡುಗೆ ಮಾಡಿದ ಊರುಗಳನ್ನೆಲ್ಲ ಮತ್ತೆ ಸುತ್ತುವುದು. ಈ ಸಲ ಬರೀ ನೋಡುವುದಕ್ಕೆ!

ಅಂದಿನಿಂದ ಪ್ರತಿ ಯುಗಾದಿಗೂ ಬೇವುಬೆಲ್ಲ ತಿಂದು, ಜಗಲಿಯಲ್ಲಿ ಪ್ರವಾಸದ ಬಜೆಟ್‌ಗೆ ಕೂರುತ್ತಿದ್ದರು. ಬಸ್ಸು, ಲಾಡ್ಜು, ಊಟ, ಬಿಪಿ ಮಾತ್ರೆ... ಒಂದೂ ಬಿಡುತ್ತಿರಲಿಲ್ಲ.

ಲೆಕ್ಕ ಮುಗಿಯಿತು ಅನ್ನುವಾಗ ಹಾಲೇಶಪ್ಪ ಬಾಯಿ ತೆರೆಯುತ್ತಿದ್ದರು. "ಇನ್ನೊಂದಿಷ್ಟು ಜಾಸ್ತಿ ಇಟ್ಕಳಾಣ. ಅಕಸ್ಮಾತ್ ಸಾಲದೆ ಬಂದ್ರೆ?"

ಅದು ಮದುವೆ ಅಡುಗೆಯವರ ಬುದ್ಧಿ. ಐನೂರು ಜನ ಎಂದರೆ ಆರುನೂರು ಜನಕ್ಕೆ ಅಕ್ಕಿ ಹಾಕುವ ಕೈ. ಉಳಿದರೆ ಚಿಂತೆಯಿಲ್ಲ, ಕಮ್ಮಿ ಬಿದ್ದರೆ ಮಾನ ಹೋಗುತ್ತದೆ.

ಆದರೆ ಪ್ರವಾಸಕ್ಕೆ ಹೊರಟಿರುವವರು ಇಬ್ಬರೇ ಅನ್ನುವುದು ಆ ಪುಣ್ಯಾತ್ಮನ ತಲೆಗೆ ಹೋಗಲೇ ಇಲ್ಲ!

ಅಷ್ಟು ದುಡ್ಡು ಕೂಡುವ ಹೊತ್ತಿಗೆ ಲಾಡ್ಜ್ ಬಾಡಿಗೆ ಏರಿರುತ್ತಿತ್ತು. ಮತ್ತೆ "ಇನ್ನೊಂದಿಷ್ಟು ಜಾಸ್ತಿ"... ಮತ್ತೆ "ಬರೋ ಯುಗಾದಿಗೆ ಹೋಗಾಣ"...

ಸೌಟು ಕೆಳಗಿಟ್ಟೂ ವರ್ಷಗಳಾದವು. ಅಷ್ಟರಲ್ಲಿ ಅಕ್ಕನ ಮಂಡಿ ಸವೆದುಹೋಯಿತು.

"ಮೆಟ್ಟಿಲು ಅನ್ನೋದನ್ನ ಮರೆತುಬಿಡ್ರಮ್ಮ" ಅಂದರು ಡಾಕ್ಟರು.

ಹೋದ ಯುಗಾದಿಗೂ ಬಜೆಟ್ ನಡೆಯಿತು. ಹಾಲೇಶಪ್ಪ "ಇನ್ನೊಂದಿಷ್ಟು..." ಅನ್ನುತ್ತಿದ್ದಂತೆ ಅಕ್ಕ ತಡೆದರು.

"ರೀ... ಎಲೆ ಹಾಕಿ ಆಗೈತಿ. ಪಂಕ್ತಿ ಕೂತೈತಿ. ನೀವಿನ್ನೂ ಸಾರಿಗೆ ನೀರು ಹಾಕ್ತಾನೇ ಅದೀರಲ್ಲ... ಜನ ಎದ್ದು ಹೋದ ಮೇಲೆ ಬಡಿಸ್ತೀರೇನು?"

ಹಾಲೇಶಪ್ಪ ಆ ದಿನ ಹೋಳಿಗೆ ಮುಟ್ಟಲಿಲ್ಲ.

ಆ ವಾರವೇ ಹೊರಟರು. ಲಾಡ್ಜಿನ ಬದಲು ಛತ್ರ, ಬಾಡಿಗೆ ಕಾರಿನ ಬದಲು ಸರ್ಕಾರಿ ಬಸ್ಸು, ಊಟಕ್ಕೆ ಖಾನಾವಳಿ. ಹಾಗೆ ಲೆಕ್ಕ ಹಾಕಿ ನೋಡಿದರೆ, ಇದ್ದ ದುಡ್ಡಿನಲ್ಲಿ ಅರ್ಧಕ್ಕೇ ಮೂರು ತಿಂಗಳು ಸಲೀಸಾಗಿ ನಡೆಯುತ್ತಿತ್ತು!

ಅಂದರೆ, ಅಕ್ಕ ಓಡಾಡುತ್ತಿದ್ದ ಕಾಲದಲ್ಲೇ ಹೊರಡಬಹುದಿತ್ತು... ಇದು ಹಾಲೇಶಪ್ಪನವರಿಗೂ ಗೊತ್ತಾಯಿತು.

ಮೊದಲ ಊರು ವಿಜಯಪುರ.

ಗುಮ್ಮಟದ ಒಳಗೆ ಬಂದು ಅಕ್ಕ ನೆಲದ ಮೇಲೆಯೇ ಕೂತರು. ಕತ್ತೆತ್ತಿ ಮೇಲೆ ನೋಡಿದರು. "ನೀವು ಹತ್ರಿ. ನನ್ನ ಪಾಲಿಂದೂ ನೋಡ್ಕಂಡು ಬರ್ರಿ."

"ನೀ ಬರದೇ ನಾ ಹತ್ತಂಗಿಲ್ಲ."

"ಟಿಕೆಟ್ ದುಡ್ಡು ದಂಡ ಆಗ್ತೈತಿ, ಹೋಗ್ರಿ!" ಈ ಮಾತಿಗೆ ಮಾತ್ರ ಹಾಲೇಶಪ್ಪ ಎದ್ದರು.

ಏದುಸಿರು ಬಿಡುತ್ತಾ ಮೇಲೆ ಹೋದರೆ, ಶಾಲೆಯ ಮಕ್ಕಳು ಪ್ರತಿಧ್ವನಿ ಕೇಳಲು ಕೂಗಾಡುತ್ತಿದ್ದರು. ಬಗ್ಗಿ ನೋಡಿದರು... ಅಷ್ಟು ಕೆಳಗೆ, ಅಷ್ಟು ದೊಡ್ಡ ಜಾಗದಲ್ಲಿ, ಒಬ್ಬರೇ ಕೂತಿದ್ದಾರೆ ಅಕ್ಕ.

ಆ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. "ಏ", "ಇವಳೇ", "ಕೇಳ್ತೇನೇ"... ಸಂಸಾರ ಪೂರ್ತಿ ಇದರಲ್ಲೇ ಮುಗಿದಿತ್ತು.

ಆದರೆ ಅವತ್ತು ಹಾಲೇಶಪ್ಪ ಎರಡೂ ಕೈ ಬಾಯಿಗಿಟ್ಟು ಕೂಗಿದರು.

"ಶಿವಲೀಲಾ..."

ಗುಮ್ಮಟ ಆ ಹೆಸರನ್ನು ಒಂದೇ ಸಲಕ್ಕೆ ಬಿಡಲಿಲ್ಲ. ಶಿವಲೀಲಾ... ಶಿವಲೀಲಾ... ಶಿವಲೀಲಾ...

ಮಕ್ಕಳೆಲ್ಲ ಬಗ್ಗಿ ಕೆಳಗೆ ನೋಡಿದರು. ಕೆಳಗೆ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಇಳಿದು ಬಂದ ಹಾಲೇಶಪ್ಪ ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತರು. "ನಿನ್ನ ಕಾಲು ಗಟ್ಟಿ ಇದ್ದಾಗ ಕರಕಂಡು ಬರಬೇಕಿತ್ತು... ತಪ್ಪಾತು."

"ಹ್ಞೂಂ, ತಪ್ಪಾತು" ಅಂದರು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. ಇಲ್ಲ ಅನ್ನಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗಂಡನ ಹೆಗಲು ಹಿಡಿದು ಎದ್ದರು. "ಸಮುದ್ರಕ್ಕೆ ಮೆಟ್ಟಿಲು ಇರಂಗಿಲ್ಲ ಅಲ್ಲೇನ್ರಿ? ಹಂಗಾದ್ರೆ ನಡೀರಿ... ನಾಳೆ ಕಾರವಾರದ ಬಸ್ಸು ಹಿಡಿಯಾಣ."

ಆ ಸಂಜೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅಕ್ಕ ನಗುತ್ತಿದ್ದರು. ಅತ್ತದ್ದು ನಾನು... ಅವರ ಹೆಸರು ನನಗೂ ಗೊತ್ತಾದದ್ದು ಅವತ್ತೇ.

ಪ್ರವಾಸಕ್ಕೆ ದುಡ್ಡು ಕೂಡಿಡಿ... ಆದರೆ ಹೊರಡುವ ದಿನವನ್ನು ಕೂಡಿಡಬೇಡಿ.

ನಿಮ್ಮ ಮನೆಯವರು ಒಂದು ಸಲ ನೋಡಬೇಕು ಅಂದಿದ್ದ ಊರು ಯಾವುದು... ನೆನಪಿದೆಯಾ?