ಸುಟ್ಟ ಹತ್ತಿ

ಹಾಲೇಶ ಮಹಡಿಯ ಮೇಲೆ ಕುಳಿತು, ವೇಪ್ ಎಂಬ ಇ-ಸಿಗರೇಟಿನ ಕಾಯಿಲ್‌ನಿಂದ ಸುಟ್ಟು ಕಪ್ಪಾದ ಹತ್ತಿಯನ್ನು ಕಿತ್ತು, ಹೊಸ ಹತ್ತಿಯನ್ನು ತುರುಕುತ್ತಿದ್ದ. ಇನ್ನು ಹೊಗೆಯ ಸಹವಾಸವೇ ಬೇಡ ಎಂದು ಪಿಯುಸಿ ಓದುವ ಮಗಳು ಸಿಂಚುವಿನ ತಲೆ ಮುಟ್ಟಿ ಆಣೆ ಇಟ್ಟವನು ಅವನು. ಈಗ ಇದನ್ನು ಅಟ್ಟದ ಹಳೇ ಮಿಕ್ಸಿ ಡಬ್ಬದಲ್ಲಿ ಬಚ್ಚಿಡುತ್ತಿದ್ದ.

"ದಿನಾ ಸುಡುತ್ತೆ ಕಣೋ. ಇದಕ್ಕೆ ಟೆಂಪರೇಚರ್ ಕಂಟ್ರೋಲ್ ಅಂತ ಹೆಸರು ಬೇರೆ!"

ವೇಪ್ ತಂದುಕೊಟ್ಟಿದ್ದ ಬಾಮೈದ ಪಕ್ಕದಲ್ಲಿ ಕುಳಿತು ನಕ್ಕ. "ಬೆಳಿಗ್ಗೆ ಅಳತೆ ಹಿಡಿಯೋ ಲಾಕ್ ಬಟನ್ ಒತ್ತುವಾಗ ಕಾಯಿಲ್ ತಣ್ಣಗಿರಬೇಕು ಭಾವ. ಸೇದಿದ ಬಿಸೀಲೇ ಒತ್ತಿದ್ರೆ ಆ ಬಿಸೀನೇ ತಣ್ಣಗಿದೆ ಅಂತ ಲೆಕ್ಕ ಹಿಡಿದು, ಮಿತಿ ಮೀರಿ ಕಾಯುತ್ತೆ."

"ನಾನು ಸೇದೋಕೆ ಮೊದಲೇ ಒತ್ತೋದಪ್ಪ. ರಾತ್ರಿಯಿಡೀ ಅಟ್ಟದಲ್ಲಿ ತಣ್ಣಗೆ ಬಿದ್ದಿರುತ್ತೆ."

"ಹಂಗಾದ್ರೆ ಸುಡೋದೇ ಇಲ್ಲ. ಅಕ್ಕನಿಗೆ ಹೇಳ್ದಂಗೆ ನನಗೂ ಸುಳ್ಳು ಹೇಳ್ಬೇಡಿ."

ಹಾಲೇಶ ತಲೆ ತಗ್ಗಿಸಿದ. ತಾನು ಹೇಳಿದ ಈ ಒಂದು ಮಾತಾದರೂ ನಿಜವಾಗಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಇನ್ನೂ ಮುಸುಕು ಹೊದ್ದು ಮಲಗಿದ್ದಳು. ಅವನು ಸದ್ದಾಗದಂತೆ ಸ್ಟೂಲ್ ಹತ್ತಿ ಮಿಕ್ಸಿ ಡಬ್ಬಕ್ಕೆ ಕೈ ಹಾಕಿದ.

ವೇಪ್ ಬೆಚ್ಚಗಿತ್ತು.

ಬಚ್ಚಲಮನೆಯಲ್ಲಿ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಅವನು ಇಳಿದು ಹೋಗಿ ಬಾಗಿಲು ತಟ್ಟಿದ. ಒಳಗೆ ನೀರಿನ ಸದ್ದು ತಟ್ಟನೆ ನಿಂತಿತು.

ವೇಪನ್ನು ಬೆನ್ನ ಹಿಂದೆ ಹಿಡಿದು, ಬಾಗಿಲಿಗೆ ಹಣೆಯೂರಿ, ಅವನು ಪಿಸುಗುಟ್ಟಿದ:

"ಸಿಂಚು, ಬಾಗಿಲು ತೆಗಿಯಮ್ಮ."